ಒಂಬತ್ತು ಪಾಯಿಂಟ್ ಆರು

ಸೇಡು ತೀರಿಸಿಕೊಳ್ಳಲು ಹೊರಟವಳ ಬ್ಯಾಗಿನಲ್ಲಿ ಏನೇನು ಇರಬೇಕೋ ನನಗೆ ತಿಳಿಯದು. ಅಂದು ಬೆಳಿಗ್ಗೆ ನನ್ನ ಬ್ಯಾಗಿನಲ್ಲಿ ಒಗ್ಗರಣೆ ಅವಲಕ್ಕಿಯ ಡಬ್ಬಿ, ಟವೆಲ್ಲಿನಲ್ಲಿ ಸುತ್ತಿದ ಗಾಜಿನ ಪಿಪೆಟ್ಟು, ಅಸಿಡಿಟಿಯ ಗುಳಿಗೆ, ಪರೀಕ್ಷಾ ನಿಯಮಗಳ ಝೆರಾಕ್ಸ್ ಪ್ರತಿ ಎರಡು ಇದ್ದವು. ಎರಡು ಯಾಕೆಂದರೆ, ಒಂದು ಕಳೆದುಹೋದರೆ? ಗಜೇಂದ್ರಗಡದಿಂದ ಮೊದಲ ಬಸ್ಸು ಹಿಡಿದು ರೋಣದಲ್ಲಿ ಇಳಿದೆ. ನರಗುಂದದ ಬಸ್ಸು ಬರುವಷ್ಟರಲ್ಲಿ ಮೂರು ಸಲ ಬ್ಯಾಗು ಬಿಚ್ಚಿ ನೋಡಿದೆ. ಮನೆಯ ಒಳಗೆ ನಿಂತುಕೊಂಡೇ ಹೊರಗಿನ ಬೀಗ ಹಾಕಿದೆನೋ ಇಲ್ಲವೋ ಎಂದು ಚಿಂತಿಸುವ ಜಾತಿಯವಳು ನಾನು.

ಯಾವಗಲ್‌ನಲ್ಲಿ ಹಸಿ ಕಡಲೆಯ ಸುಲಗಾಯಿಯ ಬುಟ್ಟಿ ಹಿಡಿದ ಹೆಂಗಸೊಬ್ಬಳು ಹತ್ತಿ ಪಕ್ಕದಲ್ಲಿ ಕುಳಿತಳು. ಎಲ್ಲಿಗೆ ಎಂದು ಕೇಳಿದಳು. ಪರೀಕ್ಷೆಗೆ ಎಂದೆ. ಅವಳು ನನ್ನ ನರೆತ ಕೂದಲನ್ನು ನೋಡಿ, “ಈ ವಯಸ್ಸಿನ್ಯಾಗ ಬಿಡಬೇಕಿತ್ತಲ್ರಿ ಬಾಯಾರ” ಎಂದಳು. ನಾನು ಬಿಡಲು ತಯಾರಿರಲಿಲ್ಲ.

ಪರೀಕ್ಷೆ ಬರೆಯಲು ಅಲ್ಲ, ಮಾಡಿಸಲು ಹೊರಟಿದ್ದೆ. ಪಿಯುಸಿ ಎರಡನೇ ವರ್ಷದ ರಸಾಯನಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಗೆ ಇಬ್ಬರು ಪರೀಕ್ಷಕರಿರುತ್ತಾರೆ. ಒಬ್ಬರು ಅದೇ ಕಾಲೇಜಿನವರು, ಇನ್ನೊಬ್ಬರು ಹೊರಗಿನಿಂದ ಬಂದವರು. ನಾವು ಅವರನ್ನು ಎಕ್ಸ್‌ಟರ್ನಲ್ ಎನ್ನುತ್ತೇವೆ. ಆ ಒಂದು ದಿನದ ಮಟ್ಟಿಗೆ ಎಕ್ಸ್‌ಟರ್ನಲ್ ಎಂದರೆ ಬೀಗರಿದ್ದ ಹಾಗೆ. ಬಂದ ಕೂಡಲೇ ಉಪ್ಪಿಟ್ಟು, ಚಹಾ. ಮಧ್ಯಾಹ್ನಕ್ಕೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಅದಕ್ಕೆ ಪ್ರತಿಯಾಗಿ ಬೀಗರು ಹೆಚ್ಚು ಕೆದಕಬಾರದು. ಕಾಲೇಜಿನವರು ಹಿಂದಿನ ದಿನವೇ ದ್ರಾವಣ ಮಾಡಿ, ಸರಿಯಾದ ರೀಡಿಂಗ್ ಎಷ್ಟು ಎಂದು ಚೀಟಿಯಲ್ಲಿ ಬರೆದು ಕೊಡುತ್ತಾರೆ. ಎಕ್ಸ್‌ಟರ್ನಲ್ ಅದನ್ನು ಕಿಸೆಗೆ ಹಾಕಿಕೊಂಡು, ವಿದ್ಯಾರ್ಥಿಗಳ ರೀಡಿಂಗನ್ನು ಅದರ ಜೊತೆ ಹೋಲಿಸಿ ಅಂಕ ಹಾಕುತ್ತಾರೆ. ನಿಯಮದ ಪ್ರಕಾರ ತಾವೂ ಸ್ವತಃ ಮಾಡಿ ನೋಡಬೇಕು. ಮಾಡುವವರು ಕಡಿಮೆ.

ನಾಲ್ಕು ವರ್ಷದ ಹಿಂದೆ ನಮ್ಮ ಕಾಲೇಜಿಗೆ ಎಕ್ಸ್‌ಟರ್ನಲ್ ಆಗಿ ಬಂದ ನರಗುಂದದ ಸರ್ ಮಾತ್ರ ಮಾಡಿದ್ದರು.

ನಾನು ಕೊಟ್ಟ ಚೀಟಿಯನ್ನು ಅವರು ಬಿಚ್ಚಲೇ ಇಲ್ಲ. ನಾನೇ ಮಾಡುತ್ತೇನೆ ಎಂದು ಹೇಳಿ ಮೂಲೆಯ ಮೇಜಿಗೆ ಹೋದರು. ಪ್ರಯೋಗ ಸಾದಾ ಇತ್ತು. ಬಿಸಿ ಮಾಡಿದ ಆಕ್ಸಾಲಿಕ್ ಆಮ್ಲಕ್ಕೆ ಮೇಲೆ ನಿಲ್ಲಿಸಿದ ಬ್ಯುರೆಟ್ಟೆಂಬ ಅಳತೆಗೊಳವೆಯ ಕೀಲಿ ತಿರುಗಿಸಿ ನೇರಳೆ ಬಣ್ಣದ ಪರ್ಮಾಂಗನೇಟ್ ದ್ರಾವಣವನ್ನು ಹನಿ ಹನಿಯಾಗಿ ಬಿಡುವುದು. ಬಿದ್ದ ಹನಿಯ ಬಣ್ಣ ಮಾಯವಾಗುತ್ತ ಹೋಗುತ್ತದೆ. ಯಾವ ಹನಿಗೆ ಫ್ಲಾಸ್ಕಿನ ನೀರು ತೀರ ತೆಳುವಾದ ಗುಲಾಬಿಗೆ ತಿರುಗಿ ಹಾಗೇ ನಿಲ್ಲುತ್ತದೋ ಅಲ್ಲಿ ನಿಲ್ಲಿಸಿ, ಎಷ್ಟು ಮಿಲಿ ಇಳಿಯಿತು ಎಂದು ಓದಬೇಕು. ಹಿಂದಿನ ಸಂಜೆ ನಾನು ಮೂರು ಸಲ ಮಾಡಿದ್ದೆ. ಮೂರು ಸಲವೂ ಒಂಬತ್ತು ಪಾಯಿಂಟ್ ಆರು. ನರಗುಂದದ ಸರ್ ಮೂಲೆಯಿಂದ ಬಂದು, “ಹತ್ತು ಬರತೈತ್ರಿ ಮೇಡಂ” ಎಂದರು.

ನನ್ನಂಥವಳಿಗೆ ಅಷ್ಟೇ ಸಾಕಿತ್ತು. ನನ್ನ ಮೇಲೆ ನನಗೇ ಅನುಮಾನ ಬಂತು. ಪಿಪೆಟ್ಟು ತೊಳೆದಿರಲಿಲ್ಲವೋ, ಚಷ್ಮಾ ಒರೆಸಿರಲಿಲ್ಲವೋ. ಅಷ್ಟರಲ್ಲಿ ಹತ್ತು ಎಂಬ ಸುದ್ದಿ ಮೇಜಿನಿಂದ ಮೇಜಿಗೆ ಹೋಗಿ ಆಗಿತ್ತು. ನಮ್ಮ ಹುಡುಗರು ಈ ವಿಷಯದಲ್ಲಿ ಬಲು ಚುರುಕು. ಎಲ್ಲರ ಹಾಳೆಯಲ್ಲೂ ಹತ್ತು ಬಂತು. ಕೆಲವರ ಬ್ಯುರೆಟ್ಟಿನಲ್ಲಿ ದ್ರಾವಣ ಇಳಿಯುವ ಮೊದಲೇ ಹಾಳೆಯಲ್ಲಿ ಹತ್ತು ಇಳಿದಿತ್ತು.

ಒಬ್ಬ ಹುಡುಗಿ ಮಾತ್ರ ಒಂಬತ್ತು ಪಾಯಿಂಟ್ ಆರು ಬರೆದಳು. ನೇಕಾರರ ಓಣಿಯ ಹುಡುಗಿ. ಮನೆಯಲ್ಲಿ ಕೈಮಗ್ಗ, ತಾಯಿ ಪಟ್ಟೇದ ಅಂಚಿನ ಸೀರೆ ನೇಯುತ್ತಾಳೆ. ತರಗತಿಯಲ್ಲಿ ನಾನು ತೆಳುಗುಲಾಬಿ ಎಂದರೆ ಹೇಗಿರುತ್ತದೆ ಎಂದು ಒದ್ದಾಡಿ ವಿವರಿಸುತ್ತಿದ್ದಾಗ, ಕೆಂಪು ನೂಲನ್ನು ಎರಡನೇ ಸಲ ಜಾಲಿಸಿದ ನೀರಿನ ಹಾಗೆ ಎಂದು ಹೇಳಿ ನನ್ನ ಕೆಲಸ ಮುಗಿಸಿದ್ದವಳು. ನರಗುಂದದ ಸರ್ ಅವಳ ಹಾಳೆಯನ್ನು ಎತ್ತಿ ಹಿಡಿದರು.

“ಎಲ್ಲಾರ್ದೂ ಹತ್ತು. ನಿಂದೊಬ್ಬಾಕಿದು ಒಂಬತ್ತು ಪಾಯಿಂಟ್ ಆರು. ಮನ್ಯಾಗ ಕುಂತು ಬರಕೊಂಡು ಬಂದಿಯೇನು?”

ಹುಡುಗಿ ಇಲ್ಲ ಎಂದಳು. ಮತ್ತೆ ಮಾಡಿ ತೋರಿಸುತ್ತೇನೆ ಎಂದಳು. ಅವರು ಅವಳನ್ನು ಬಿಟ್ಟು ನನ್ನ ಕಡೆ ತಿರುಗಿದರು. “ಮೇಡಂ, ಹುಡುಗ್ಯಾರಿಗೆ ಸುಳ್ಳು ಬರಿಯೂದು ಕಲಿಸಬ್ಯಾಡ್ರಿ. ನಿಮಗೂ ಬಣ್ಣ ಕಾಣಂಗಿಲ್ಲೇನು? ಸೀರಿ ಅಂಗಡ್ಯಾಗ ಚಲೋ ಕಾಣ್ತಿರಬೇಕು.”

ಹುಡುಗರು ನಕ್ಕರು. ಅವಳಿಗೆ ನಾಲ್ಕು ಅಂಕ ಹೋಯಿತು. ಅಂಕಪಟ್ಟಿಯ ಕೆಳಗೆ ಇಬ್ಬರ ಸಹಿ ಬೇಕು. ನಾನೂ ಸಹಿ ಹಾಕಿದೆ. ಆಮೇಲೆ ಅವರ ತಾಟಿಗೆ ಹೋಳಿಗೆಯನ್ನೂ ಹಾಕಿದೆ, ಮೇಲೆ ತುಪ್ಪವನ್ನೂ. ಸಂಜೆಯ ಹೊತ್ತಿಗೆ, ಪರೀಕ್ಷೆಯಲ್ಲಿ ಸುಳ್ಳು ಬರೆದು ಸಿಕ್ಕಿಬಿದ್ದಳು ಎಂಬ ಮಾತು ನೇಕಾರರ ಓಣಿಯನ್ನು ಮುಟ್ಟಿತ್ತು. ಬಿ.ಎಸ್ಸಿ. ಮಾಡುತ್ತೇನೆ ಎನ್ನುತ್ತಿದ್ದ ಹುಡುಗಿ ಬಿ.ಕಾಂ. ಸೇರಿದಳು. ದಾರಿಯಲ್ಲಿ ನಾನು ಎದುರಾದರೆ ತಲೆ ತಗ್ಗಿಸಿ ಹೋಗುತ್ತಿದ್ದಳು. ಅವಳ ಮನಸ್ಸನ್ನು ಆ ಮನುಷ್ಯ ಹೀಗೆ ಮುರಿದುಬಿಟ್ಟನಲ್ಲ ಎಂದು ನಾನು ಕುದಿಯುತ್ತಿದ್ದೆ.

ಕುದಿಯುವುದೆಂದರೆ ಸುಮ್ಮನೆ ಅಲ್ಲ. ನಾಲ್ಕು ವರ್ಷ ಹಿಟ್ಟು ನಾದುವಾಗ, ಬಟ್ಟೆ ಒಣಹಾಕುವಾಗ, ಸ್ಟಾಫ್ ಮೀಟಿಂಗಿನಲ್ಲಿ, ಆ ದಿನ ನಾನು ಕೊಡಬೇಕಿದ್ದ ಉತ್ತರಗಳನ್ನು ತಿದ್ದಿ ತಿದ್ದಿ ಹರಿತ ಮಾಡಿದೆ. ಒಂದು ಸಲ ಕುಕ್ಕರಿಗೆ ಅಕ್ಕಿ ಹಾಕುವುದನ್ನು ಮರೆತು ಬರೀ ನೀರಿಗೆ ಸೀಟಿ ಹೊಡೆಸಿದೆ. ನಮ್ಮ ಮನೆಯವರು, ಆತ ಮರೆತೇಬಿಟ್ಟಿರುತ್ತಾನೆ, ನೀನೂ ಬಿಡು ಎಂದರು. ಅವರು ಮರೆತಿರುವ ಸಾಧ್ಯತೆಯೇ ನನ್ನನ್ನು ಇನ್ನಷ್ಟು ಉರಿಸಿತು. ನನಗೆ ಬೇಕಾದದ್ದು ಒಂದೇ. ಆ ಹುಡುಗಿ ಬರೆದದ್ದು ಸರಿಯಿತ್ತು ಎಂದು ಅವರ ಬಾಯಿಂದ ಹೇಳಿಸಬೇಕು. ಸಾಧ್ಯವಾದರೆ ಅವರ ವಿದ್ಯಾರ್ಥಿಗಳ ಎದುರಿಗೇ.

ಅಂಥದ್ದರಲ್ಲಿ ಈ ವರ್ಷ ಆದೇಶ ಬಂತು. ನಾನು ಎಕ್ಸ್‌ಟರ್ನಲ್. ಹೋಗಬೇಕಾದದ್ದು ಅವರ ಕಾಲೇಜಿಗೆ.

ನನ್ನ ಯೋಜನೆ ಭಯಂಕರವಾಗಿತ್ತು. ಎಲ್ಲವನ್ನೂ ನಿಯಮದಂತೆ ಮಾಡುವುದು. ನಮ್ಮ ಕಡೆ ಒಬ್ಬರನ್ನು ಹಾಳು ಮಾಡಲು ಇದಕ್ಕಿಂತ ದೊಡ್ಡ ಆಯುಧ ಬೇಕಿಲ್ಲ.

ನರಗುಂದದ ಸರ್ ಗೇಟಿನವರೆಗೂ ಬಂದು, ಬಸ್ಸಿನಲ್ಲಿ ತ್ರಾಸವಾಯಿತೇ ಎಂದು ವಿಚಾರಿಸಿದರು. ಕೂದಲು ಹೋಗಿತ್ತು, ದನಿ ಅದೇ ಇತ್ತು. ನನ್ನ ಗುರುತು ಹತ್ತಿದ ಲಕ್ಷಣ ಕಾಣಲಿಲ್ಲ. ಉಪ್ಪಿಟ್ಟು ಬೇಡ ಎಂದೆ. ಚಹಾ ಬೇಡ ಎಂದೆ. ಮಧ್ಯಾಹ್ನದ ಊಟಕ್ಕೆ ಡಬ್ಬಿ ತಂದಿದ್ದೇನೆ ಎಂದಾಗ ಅವರ ಮುಖ ಮೊದಲ ಸಲ ಬದಲಾಯಿತು. ಬೀಗರು ಮನೆಗೆ ಬಂದು ಉಣ್ಣುವುದಿಲ್ಲ ಎಂದರೆ ಅದರ ಅರ್ಥ ಎಲ್ಲರಿಗೂ ಗೊತ್ತು. ನನಗೆ ಮಾತ್ರ ಉಪ್ಪಿಟ್ಟಿನ ವಾಸನೆಗೆ ಹೊಟ್ಟೆ ಚುರುಗುಟ್ಟಿತು.

ಮೊದಲ ಬ್ಯಾಚಿನ ಹುಡುಗ ಹುಡುಗಿಯರು ಆಗಲೇ ಮೇಜುಗಳ ಮುಂದೆ ನಿಂತಿದ್ದರು. ಸರ್ ಚೀಟಿ ಚಾಚಿದರು. ನಾನು ಮುಟ್ಟಲಿಲ್ಲ.

“ಚೀಟಿ ಬ್ಯಾಡ್ರಿ ಸರ. ನಾನೂ ಮಾಡ್ತೀನಿ, ನೀವೂ ಮಾಡ್ರಿ. ಇಲ್ಲೇ, ಇವರ ಮುಂದ. ನಿಯಮ ಐತಿ” ಎಂದು ಝೆರಾಕ್ಸ್ ಪ್ರತಿಯನ್ನು ಮೇಜಿನ ಮೇಲಿಟ್ಟೆ.

ವಿದ್ಯಾರ್ಥಿಗಳ ಮುಂದೆ ಮಾಡಬೇಕು ಎಂಬುದು ನಿಯಮದಲ್ಲಿರಲಿಲ್ಲ. ಅದು ನಾನು ಸೇರಿಸಿದ್ದು. ಅವರು ಕಾಗದವನ್ನು ಓದಲಿಲ್ಲ. ನಾನು ಮಾಡಿದೆ. ಎಂಟು ಪಾಯಿಂಟ್ ಎಂಟು ಬಂತು, ಯಾರಿಗೂ ಹೇಳದೆ ಬರೆದುಕೊಂಡೆ. ಆಮೇಲೆ ಅವರು ಬ್ಯುರೆಟ್ಟಿನ ಮುಂದೆ ನಿಂತು, ಮೊದಲ ಮೇಜಿನ ಉದ್ದ ಜಡೆಯ ಹುಡುಗಿಯನ್ನು ಕರೆದು ಫ್ಲಾಸ್ಕಿನ ಹಿಂದೆ ಬಿಳಿ ಕಾಗದ ಹಿಡಿಯಲು ಹೇಳಿದರು. ವಯಸ್ಸಾಯಿತು, ಕಣ್ಣಿಗೆ ಚಾಳೀಸು ಬಂದಿದೆ ಎಂದು ನನ್ನ ಕಡೆ ನಕ್ಕರು.

ಹನಿ ಬೀಳತೊಡಗಿತು. ತೆಳುಗುಲಾಬಿ ಕಾಣಿಸಿತು. ಅದೇ ಕ್ಷಣಕ್ಕೆ ಕಾಗದದಿಂದ ಟಪ್ ಎಂದು ಸಣ್ಣ ಸದ್ದು ಬಂತು. ಸರ್ ಕೀಲಿ ತಿರುಗಿಸಿ ನಿಲ್ಲಿಸಿದರು. ಎಂಟು ಪಾಯಿಂಟ್ ಎಂಟು.

ಬೇರೆ ಯಾರಾದರೂ ಆಗಿದ್ದರೆ ಆ ಸದ್ದನ್ನು ಬಿಟ್ಟುಬಿಡುತ್ತಿದ್ದರು. ನಾನು ಮನೆಯಲ್ಲಿ ನಲ್ಲಿಯ ಹನಿಯ ಸದ್ದಿಗೆ ಎದ್ದು ಕೂರುವವಳು. ಎರಡನೇ ಸಲ ಹುಡುಗಿಯ ಬೆರಳನ್ನೇ ನೋಡಿದೆ. ಬಣ್ಣ ಬಂದ ಕೂಡಲೇ ಉಗುರಿನಿಂದ ಕಾಗದವನ್ನು ತಟ್ಟಿದಳು. ಸರ್ ನಿಲ್ಲಿಸಿದರು.

ಮೂರನೇ ಸಲಕ್ಕೆ ಕಾಗದವನ್ನು ನಾನು ಹಿಡಿಯುತ್ತೇನೆ ಎಂದೆ. ಹುಡುಗಿ ಸರ್ ಮುಖ ನೋಡಿದಳು. ಸರ್ ಯಾರ ಮುಖವನ್ನೂ ನೋಡಲಿಲ್ಲ. ನಾನು ಕಾಗದ ಹಿಡಿದು ಬೆರಳು ಕದಲಿಸದೆ ನಿಂತೆ. ತೆಳುಗುಲಾಬಿ ಬಂತು, ನಿಂತಿತು. ಅವರು ಇನ್ನೊಂದು ಹನಿ ಬಿಟ್ಟರು. ಇನ್ನೊಂದು. ಗುಲಾಬಿ ಗಾಢವಾಯಿತು. ಅವರು ಫ್ಲಾಸ್ಕನ್ನೇ ತಾಳ್ಮೆಯಿಂದ ನೋಡುತ್ತ, ಅಲ್ಲಾಡಿಸುತ್ತ, ಕಾಯುತ್ತಿದ್ದರು. ಇಡೀ ಕೋಣೆಗೆ ಕಾಣುತ್ತಿದ್ದ ಬಣ್ಣ ಅವರಿಗೆ ಕಾಣುತ್ತಿರಲಿಲ್ಲ. ಒಂಬತ್ತು ಪಾಯಿಂಟ್ ಎರಡಕ್ಕೆ ಕೀಲಿ ಮುಚ್ಚಿ, “ಈಗ ಬಂತ್ರಿ” ಎಂದರು.

ನಾಲ್ಕು ವರ್ಷದ ಹಿಂದೆ ನಮ್ಮ ಲ್ಯಾಬಿನ ಮೂಲೆಯಲ್ಲಿ ಕಾಗದ ತಟ್ಟುವವರು ಯಾರೂ ಇರಲಿಲ್ಲ. ಅದಕ್ಕೇ ಹತ್ತು.

ಸುಳ್ಳು ಹೇಳಲಾರೆ. ನನಗೆ ಕರುಣೆ ಬರಲಿಲ್ಲ. ಮೈಯೆಲ್ಲ ಬೆಚ್ಚಗಾಗುವಷ್ಟು ಖುಷಿಯಾಯಿತು. ಹುಡುಗರು ನಗುತ್ತಾರೆ ಎಂದು ಕಾದೆ. ನಾಲ್ಕು ವರ್ಷದಿಂದ ಆ ನಗುವನ್ನು ಕಿವಿಯಲ್ಲಿ ಸಾಕಿಕೊಂಡಿದ್ದೆ. ಒಬ್ಬರೂ ನಗಲಿಲ್ಲ. ಎಲ್ಲರೂ ತಮ್ಮ ತಮ್ಮ ಮೇಜಿನ ಸಾಮಾನುಗಳನ್ನು ನೋಡುತ್ತ ನಿಂತಿದ್ದರು. ಅವರಿಗೆಲ್ಲ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದು, ಸರದಿಯಂತೆ ಕಾಗದ ಹಿಡಿಯುತ್ತಿದ್ದರು. ನನ್ನ ವಿದ್ಯಾರ್ಥಿಗಳು ನನಗಾಗಿ ಹಾಗೆ ಮಾಡಿಯಾರೇ ಎಂಬ ಯೋಚನೆ ಬಂತು. ಆ ಹೊಟ್ಟೆಕಿಚ್ಚೂ ಸರ್ ಮೇಲಿನ ಸಿಟ್ಟಿನ ಲೆಕ್ಕಕ್ಕೇ ಸೇರಿತು.

“ಎಷ್ಟು ಬರೀಲ್ರಿ ಸರ?” ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದೆ.

ಅವರು ಬ್ಯುರೆಟ್ಟು ನೋಡಿದರು, ಮೊದಲಿನ ಎರಡು ರೀಡಿಂಗ್ ನೋಡಿದರು. ಅವರಿಗೆ ಅರ್ಥವಾಯಿತು. “ಮದಲಿನವು ಎರಡು ಬರ್ಕೋರಿ” ಎಂದರು. ನಾನು ಮೂರನ್ನೂ ಬರೆದೆ.

ಆ ದಿನ ಅವರ ವಿದ್ಯಾರ್ಥಿಗಳು ಬೆವರಿದರು. ಸುದ್ದಿ ಮೇಜಿನಿಂದ ಮೇಜಿಗೆ ಹೋಗದಂತೆ ನಾನು ಕೋಣೆ ತುಂಬ ಓಡಾಡಿದೆ. ಉದ್ದ ಜಡೆಯ ಹುಡುಗಿಗೆ ಮೌಖಿಕ ಪರೀಕ್ಷೆಯಲ್ಲಿ ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳಿದೆ. ಒಂದಕ್ಕಾದರೂ ತಪ್ಪುತ್ತಾಳೆ ಎಂದು ಕಾದೆ. ತಪ್ಪಲಿಲ್ಲ. ಪೂರ್ತಿ ಅಂಕ ಕೊಡಬೇಕಾಯಿತು. ಮಧ್ಯಾಹ್ನ ವರಾಂಡದ ಬೆಂಚಿನ ಮೇಲೆ ಕುಳಿತು ತಣ್ಣಗಿನ ಅವಲಕ್ಕಿ ತಿಂದೆ. ಒಳಗಿನಿಂದ ಹೋಳಿಗೆಗೆ ಕಾಸಿದ ತುಪ್ಪದ ವಾಸನೆ ಬರುತ್ತಿತ್ತು.

ಸಂಜೆ ಉತ್ತರಪತ್ರಿಕೆಗಳ ಬಂಡಲಿಗೆ ಅರಗಿನ ಮುದ್ರೆ ಒತ್ತಿ ಆದಮೇಲೆ ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ ಉಳಿದೆವು. ಅವರೇ ಬಾಯಿ ಬಿಟ್ಟರು. ಹುಟ್ಟಿನಿಂದಲೂ ಹೀಗೇ ಅಂತೆ. ಕೆಲಸಕ್ಕೆ ಸೇರುವಾಗ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಗಾಢ ಬಣ್ಣ ಹೇಗೋ ತಿಳಿಯುತ್ತದೆ, ತೆಳುವಾದದ್ದು ನೀರಿನ ಹಾಗೇ ಕಾಣುತ್ತದೆ. “ವರದಿ ಬರಿಯೂದಿದ್ರ ನನ್ನ ಮ್ಯಾಲೆ ಬರೀರಿ ಮೇಡಂ. ಆ ಹುಡುಗಿ ಕಾಗದ ಬಡದದ್ದು ಬರೀಬ್ಯಾಡ್ರಿ” ಎಂದರು.

ವರದಿ ಬರೆಯುವುದಿಲ್ಲ, ಆದರೆ ನೀವು ಒಂದು ಫೋನು ಮಾಡಬೇಕು ಎಂದೆ. ನಾಲ್ಕು ವರ್ಷದ ಹಿಂದಿನ ಆ ದಿನವನ್ನು ಒಂದೂ ಬಿಡದೆ ಹೇಳಿದೆ. ಅವರು ಗಮನವಿಟ್ಟು ಕೇಳಿ, “ಯಾವ ಹುಡುಗಿರಿ?” ಎಂದರು.

ಅವರು ನಿಜಕ್ಕೂ ಮರೆತಿದ್ದರು. ಹುಡುಗಿಯ ನಂಬರು ನನ್ನ ಫೋನಿನಲ್ಲಿತ್ತು. ಹಚ್ಚಿ, ಸ್ಪೀಕರ್ ಒತ್ತಿ, ಅವರ ಮುಂದೆ ಇಟ್ಟೆ. ಅತ್ತ ಕಡೆ ಮಗ್ಗದ ಸದ್ದು. ಅವರು ತಾವು ಯಾರು ಎಂದು ಹೇಳಿ, ನಾನು ಹೇಳಿಕೊಟ್ಟದ್ದಕ್ಕಿಂತ ಒಂದು ಮಾತು ಹೆಚ್ಚೇ ಹೇಳಿದರು.

“ತಂಗಿ, ಅವತ್ತು ನಿನ್ನ ರೀಡಿಂಗ್ ಖರೇ ಇತ್ತು. ತಪ್ಪು ನಂದಿತ್ತು. ನನಗ ಆ ಬಣ್ಣ ಕಾಣಂಗಿಲ್ಲವ್ವಾ.”

ನಾನು ಕುರ್ಚಿಯ ತುದಿಯಲ್ಲಿದ್ದೆ. ಹುಡುಗಿ ಅಳುತ್ತಾಳೆ, ಇಲ್ಲವೇ ನನಗೆ ಉಪಕಾರ ಹೇಳುತ್ತಾಳೆ ಎಂದುಕೊಂಡಿದ್ದೆ.

“ಹೂಂರಿ ಸರ. ನಿಮಗ ಕಾಣಲಿಲ್ಲ, ಅದಕ್ಕ ತಪ್ಪಿದ್ರಿ” ಎಂದಳು. ಆಮೇಲೆ, “ಮೇಡಂ ಅಲ್ಲೇ ಅದಾರೇನ್ರಿ? ಮೇಡಂರೀ, ನಿಮಗ ಕಂಡಿತ್ತಲ್ಲ. ನೀವ್ಯಾಕ ಸುಮ್ಮಿದ್ರಿ?”

ಮೇಲೆ ಬರೆಯುವಾಗ ಒಂದು ಸಂಗತಿಯನ್ನು ಬಿಟ್ಟಿದ್ದೇನೆ. ನಾಲ್ಕು ವರ್ಷ ಮನೆಯವರಿಗೆ ಕತೆ ಹೇಳುವಾಗಲೂ, ಆಗಷ್ಟೇ ಸರ್‌ಗೆ ಹೇಳುವಾಗಲೂ ಬಿಟ್ಟಿದ್ದೆ. ಅಂದು ಪರೀಕ್ಷೆ ನಡೆಯುವಾಗ ನಾನು ಅವಳ ಮೇಜಿನ ಹತ್ತಿರ ನಿಂತಿದ್ದೆ. ಅವಳ ಫ್ಲಾಸ್ಕನ್ನು ಬೆಳಕಿಗೆ ಹಿಡಿದು ನೋಡಿ, ಚಲೋ ಬಂದೈತಿ, ಬರಕೋ ಎಂದು ನಾನೇ ಹೇಳಿದ್ದೆ. ಅವಳು ಬರೆದಳು. ಹದಿನೈದು ನಿಮಿಷದ ಮೇಲೆ ಸರ್ ಅವಳನ್ನು ಸುಳ್ಳಿ ಎಂದು ಕರೆದಾಗ ಅವಳು ನೋಡಿದ್ದು ಅವರನ್ನಲ್ಲ, ನನ್ನನ್ನು. ನಾನು ಪೆನ್ನಿನ ಟೊಪ್ಪಿಗೆ ಹುಡುಕುತ್ತಿದ್ದೆ. ಎಕ್ಸ್‌ಟರ್ನಲ್ ಸಿಟ್ಟಾದರೆ ಉಳಿದವರ ಅಂಕವೂ ಹೋದೀತು, ನನ್ನ ಮೇಲೂ ದೂರು ಹೋದೀತು ಎಂಬ ಚಿಂತೆ. ದಾರಿಯಲ್ಲಿ ಅವಳು ತಲೆ ತಗ್ಗಿಸಿದ್ದು ನಾಚಿಕೆಗಲ್ಲ. ನನ್ನ ಮುಖ ನೋಡಲು ಅವಳಿಗೆ ಮನಸ್ಸಿರಲಿಲ್ಲ.

ಫೋನಿಗೆ ಏನು ಹೇಳಿದೆನೋ ನೆನಪಿಲ್ಲ. ತಪ್ಪಾಯಿತು ಎಂಬಂಥದ್ದೇನೋ ಇರಬೇಕು. ಅವಳು ಅದನ್ನು ಪೂರ್ತಿ ಆಗಗೊಡಲಿಲ್ಲ.

“ನನಗ ಹೇಳಿ ಏನ್ ಮಾಡ್ತೀರಿ? ನಮ್ಮವ್ವ ಇನ್ನೂ ನಾ ಸುಳ್ಳು ಬರದೆ ಅಂತ ತಿಳಕೊಂಡಾಳ. ಮನಿಗೆ ಬಂದು ಆಕಿಗೆ ಹೇಳ್ರಿ.”

ನರಗುಂದದ ಸರ್ ಬಸ್ ನಿಲ್ದಾಣದವರೆಗೂ ನನ್ನ ಬ್ಯಾಗು ಹಿಡಿದುಕೊಂಡು ಬಂದರು. ಅದರಲ್ಲಿ ಪಿಪೆಟ್ಟು ಇದೆ, ಹುಷಾರು ಎಂದೆ. ಅವರನ್ನು ನಾನು ಇನ್ನೂ ಕ್ಷಮಿಸಿಲ್ಲ. ಸೀರೆ ಅಂಗಡಿಯ ಮಾತು ಕಣ್ಣಿನ ದೋಷದಿಂದ ಬಂದದ್ದಲ್ಲವಲ್ಲ.

ಮುಂದಿನ ರವಿವಾರ ನೇಕಾರರ ಓಣಿಗೆ ಹೋದೆ. ಏನು ಹೇಳಬೇಕೆಂದು ಚೀಟಿಯಲ್ಲಿ ಬರೆದುಕೊಂಡಿದ್ದೆ. ಮನೆ ಚಿಕ್ಕದು, ಮುಂದಿನ ಕೋಣೆಯ ಮುಕ್ಕಾಲು ಭಾಗ ಮಗ್ಗ. ತಾಯಿ ಕಾಲುಗಳನ್ನು ಮಗ್ಗದ ಕುಣಿಯೊಳಗೆ ಇಳಿಬಿಟ್ಟು ನೇಯುತ್ತಿದ್ದಳು. ಮಗಳು ಗೋಡೆಗೆ ಒರಗಿ, ಲಾಳಿಯೊಳಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಬರ್ರಿ ಎಂದಳು, ಕೂಡ್ರಿ ಎನ್ನಲಿಲ್ಲ. ಎರಡೂ ಪಕ್ಕದ ಮನೆಗಳಲ್ಲೂ ಮಗ್ಗಗಳು ನಡೆಯುತ್ತಿದ್ದವು.

ಮಗಳು ಬರೆದದ್ದು ಸರಿಯಿತ್ತು ಎಂದು ಹೇಳಿದೆ. ಲಾಳಿ ಈ ಕಡೆಯಿಂದ ಆ ಕಡೆಗೆ ಹೋಯಿತು. ತಾಯಿ ಕಿವಿಯ ಹತ್ತಿರ ಕೈ ತಿರುವಿ ಕೇಳಿಸಲಿಲ್ಲ ಎಂಬ ಸನ್ನೆ ಮಾಡಿದಳು. ಮಗ್ಗ ನಿಲ್ಲಿಸಲಿಲ್ಲ. ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದೆ. ಎಡಪಕ್ಕದ ಮನೆಯ ಮಗ್ಗ ನಿಂತಿತು. ಬಾಗಿಲಲ್ಲಿ ಇಬ್ಬರು ಹೆಂಗಸರು ಬಂದು ನಿಂತರು. ತಾಯಿ ಒಂದು ಎಳೆ ಹರಿದದ್ದನ್ನು ಹೊಸೆದು, ಮತ್ತೆ ಶುರುಮಾಡಿದಳು.

“ಮತ್ತ ಸುಳ್ಳು ಅಂತ ಯಾಕ ಅಂದ್ರಂತ್ರಿ?” ಎಂದು ನೂಲಿನ ಮೇಲೆ ಕಣ್ಣಿಟ್ಟೇ ಕೇಳಿದಳು.

ಬಂದ ಸರ್‌ಗೆ ಬಣ್ಣ ಕಾಣುತ್ತಿರಲಿಲ್ಲ ಎಂದೆ. ನನ್ನ ಚೀಟಿ ಅಲ್ಲಿಗೆ ಮುಗಿದಿತ್ತು. ಮಗಳು ಕಂಡಿಕೆಯಿಂದ ತಲೆ ಎತ್ತಿದಳು. “ಉಳಿದದ್ದೂ ಹೇಳ್ರಿ ಮೇಡಂರೀ.”

ಮಗ್ಗದ ಸದ್ದನ್ನು ಮೀರಿಸಬೇಕಿತ್ತು. ಎದೆ ತುಂಬ ಉಸಿರು ತುಂಬಿಕೊಂಡೆ. ಅದೇ ಹೊತ್ತಿಗೆ ತಾಯಿ ಮಗ್ಗ ನಿಲ್ಲಿಸಿದಳು. ಬಲಪಕ್ಕದ ಮಗ್ಗವೂ ನಿಂತಿತು. ನನಗೆ ನಿಲ್ಲಿಸಲಾಗಲಿಲ್ಲ. ತಣ್ಣಗಾದ ಓಣಿಯಲ್ಲಿ ನನ್ನ ದನಿ ಒಂದೇ ಹೊರಬಿತ್ತು:

“ನನಗ ಕಂಡಿತ್ತು. ನಾ ಸುಮ್ಮಿದ್ದೆ.”

ಬಾಗಿಲ ಹೆಂಗಸರಲ್ಲಿ ಒಬ್ಬಳು ಅವ್ವಯ್ಯ ಎಂದಳು. ತಾಯಿ ನನ್ನನ್ನು ತಲೆಯಿಂದ ಕಾಲಿನವರೆಗೂ ಒಮ್ಮೆ ನೋಡಿದಳು. ಆಮೇಲೆ ಮಗಳ ಕಡೆ ತಿರುಗಿ ತುಂಬ ಹೊತ್ತು ನೋಡಿದಳು. ಮಗಳು ಸುತ್ತಿ ಮುಗಿಸಿದ ಕಂಡಿಕೆಯನ್ನು ಚಾಚಿದಳು. ತಾಯಿ ಅದನ್ನು ತೆಗೆದುಕೊಳ್ಳುವಾಗ ಅವಳ ಕೈಯನ್ನೂ ಹಿಡಿದುಕೊಂಡಳು. ನನಗೆ ಯಾರೂ ಹೋಗು ಎನ್ನಲಿಲ್ಲ. ಯಾರೂ ಇರು ಎನ್ನಲೂ ಇಲ್ಲ. ಹೊಸ್ತಿಲ ಹೊರಗೆ ಚಪ್ಪಲಿ ಮೆಟ್ಟುವಾಗ ಒಳಗೆ ಲಾಳಿ ಮತ್ತೆ ಓಡತೊಡಗಿತು.